ಓಬಳಮ್ಮನ ಜಾಡಿ

ಗುಬ್ಬಿ, ೨೩ ಮಾರ್ಚ್ ೨೦೦೧

ಇವರ ಫ್ಯಾಕ್ಟರಿಯಲ್ಲಿ ಹೊಸ ವರ್ಷಕ್ಕೆ ಕೊಟ್ಟ ಡೈರಿ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಸುಮ್ಮನೆ ಬಿದ್ದಿತ್ತು. ಗಿರಾಕಿಗಳ ಬ್ಲೌಸಿನ ಅಳತೆ ಬರೆದುಕೊಳ್ಳೋಣ ಎಂದು ಇಟ್ಟಿದ್ದೆ. ಇವತ್ತು ತೆಗೆದಿರುವುದು ಅಳತೆಗಲ್ಲ, ಬೈಯುವುದಕ್ಕೆ. ಬಾಯಿಬಿಟ್ಟು ಬೈಯೋಣವೆಂದರೆ ಅತ್ತೆಯ ಕಿವಿ ಈ ವಯಸ್ಸಿನಲ್ಲೂ ಮಹಾ ಚುರುಕು.

ಹೋದ ವಾರ ಅತ್ತೆ ಹಿತ್ತಲ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಬೆರಳ ಬುಡದಿಂದ ಮೊಣಕೈವರೆಗೂ ಪ್ಲಾಸ್ಟರ್. ಪಾಪ ಅನ್ನಿಸಲಿಲ್ಲವೆಂದಲ್ಲ, ಅನ್ನಿಸಿತು. ತಲೆ ಬಾಚುವುದು, ಸೀರೆ ಉಡಿಸುವುದು, ಮುದ್ದೆ ಮುರಿದು ಕೊಡುವುದು ಎಲ್ಲ ನಾನೇ. ಅದಕ್ಕೆಲ್ಲ ನನ್ನ ಕೈ ಆಗುತ್ತದೆ. ಆದರೆ ಇವತ್ತು ಮಧ್ಯಾಹ್ನ ಕಿಟಕಿಯಿಂದ ಹಿತ್ತಲ ಮಾವಿನ ಮರ ನೋಡಿಕೊಂಡು ಓಬಳಮ್ಮನವರು ಅಪ್ಪಣೆ ಕೊಡಿಸಿದ್ದು ಇದು:

"ಕಾಯಿ ಬಲಿತವೆ. ಯುಗಾದಿ ಕಳೀಲಿ, ಹಾಗಲವಾಡಿಯಿಂದ ಕರಿಬಸಮ್ಮನ್ನ ಕರೆಸ್ಬೇಕು. ಜಾಡಿ ಇಡೋರು ಬೇಕಲ್ಲ."

ನಾನು ಅಲ್ಲೇ ಅವರ ಕಾಲ ಹತ್ತಿರ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದೆ. ಕರಿಬಸಮ್ಮ ಅತ್ತೆಯ ನಾದಿನಿ. ಅಷ್ಟು ದೂರದಿಂದ ಬಸ್ಸು ಹತ್ತಿ ಅವರು ಬರಬೇಕು, ಮೊಳದ ದೂರದಲ್ಲಿ ಕೂತ ಸೊಸೆ ಲೆಕ್ಕಕ್ಕೇ ಇಲ್ಲ.

ಈ ಮನೆಯ ಕಾನೂನು ಏನೆಂದರೆ, ಉಪ್ಪಿನಕಾಯಿ ಜಾಡಿಗೆ ಕೈ ಹಾಕುವವಳು ಮುಟ್ಟು ನಿಂತವಳೇ ಆಗಿರಬೇಕು. ಹೋಳು ಒಂದು ತಿಂಗಳಿಗೂ ಮೇಲೆ ಉಪ್ಪಿನಲ್ಲಿ ಕೂರಬೇಕು, ದಿನಾ ಬೆಳಿಗ್ಗೆ ಸ್ನಾನ ಮಾಡಿ ಒಂದೇ ಕೈ ಅದನ್ನು ತಿರುವಬೇಕು, ತಿಂಗಳಿಗೊಮ್ಮೆ ಹೊರಗಾಗುವವಳು ಇಟ್ಟರೆ ನಡುವೆ ಕೈ ಬದಲಾಗಿ ಬೂಷ್ಟು ಹಿಡಿಯುತ್ತದೆ. ಇದು ಅತ್ತೆಯ ಶಾಸ್ತ್ರ. ಆ ದಿನಗಳಲ್ಲಿ ಅಡುಗೆ ಮಾಡುತ್ತೇನೆ, ಮಿಷನ್ ತುಳಿಯುತ್ತೇನೆ, ಈ ಕಾಲದಲ್ಲಿ ಯಾರೂ ಏನೂ ಅನ್ನುವುದಿಲ್ಲ. ಜಾಡಿ ಮಾತ್ರ ಬೇಡ. ಮದುವೆಯಾಗಿ ಬಂದು ಹತ್ತೊಂಬತ್ತು ವರ್ಷ ಕಾಯಿ ತೊಳೆದಿದ್ದೇನೆ, ಒರೆಸಿದ್ದೇನೆ, ಹೆಚ್ಚಿದ್ದೇನೆ, ಖಾರ ಕುಟ್ಟಿದ್ದೇನೆ. ಜಾಡಿಯೊಳಗೆ ಕೈ ಇಳಿಸಿಲ್ಲ. ಹುತ್ರಿದುರ್ಗದ ನಮ್ಮಮ್ಮನ ಮನೆಯಲ್ಲಿ ಲಂಗ ಹಾಕುವ ವಯಸ್ಸಿಗೇ ನಾನು ಜಾಡಿ ತುಂಬುತ್ತಿದ್ದೆ, ಯಾವ ಬೂಷ್ಟೂ ಹಿಡಿಯಲಿಲ್ಲ.

ಯಾವ ಮನೆಯಲ್ಲೂ ಇಲ್ಲದ ಕಾನೂನು ಇದು. ಹೆರದ ಸೊಸೆಯ ಕೈಯ ಮೇಲೆ ನಂಬಿಕೆಯಿಲ್ಲ ಎಂದು ನೇರವಾಗಿ ಹೇಳಲು ಆಗದೆ ಶಾಸ್ತ್ರ ಹೇಳುತ್ತಾರೆ. ನನಗೆ ಅಷ್ಟೂ ತಿಳಿಯುವುದಿಲ್ಲವೇ?

೨೬ ಮಾರ್ಚ್, ಯುಗಾದಿ

ಬೇವು ಬೆಲ್ಲ ತಿಂದು ಎಲ್ಲರ ಬಾಯಿ ಸಿಹಿಯಿರುವಾಗಲೇ ಕೇಳಿಬಿಡೋಣ ಎಂದು ಕೇಳಿದೆ. "ಈ ಸಲ ಜಾಡಿ ನಾನಿಡ್ತೀನಿ ಅತ್ತೆ."

ಹೋಳಿಗೆ ಅಗಿಯುತ್ತಿದ್ದವರು ನಿಲ್ಲಿಸಿದರು. "ನಿಂಗ್ಯಾಕವ್ವ ಈಗ್ಲೇ? ಇನ್ನೂ ಟೈಮ್ ಐತೆ, ಬುಡು."

"ನಲವತ್ತಮೂರು ನಂಗೆ. ಇನ್ಯಾವಾಗ?"

"ನಲವತ್ತಮೂರೇನ್ ಮಹಾ ವಯಸ್ಸಾ?" ಎಂದು ಎಡಗೈಯಲ್ಲಿ ಇನ್ನೊಂದು ಹೋಳಿಗೆ ಎಳೆದುಕೊಂಡರು. ಅಲ್ಲಿಗೆ ಮಾತು ಮುಗಿಯಿತು. ನಮ್ಮೆಜಮಾನರು ತಟ್ಟೆಯಿಂದ ತಲೆ ಎತ್ತಲಿಲ್ಲ. ತಾಯಿಗೂ ಹೆಂಡತಿಗೂ ಮಾತು ಬಂದಾಗೆಲ್ಲ ನಾಗಭೂಷಣ್ ಸಾಹೇಬರಿಗೆ ತಟ್ಟೆಯಲ್ಲಿ ಏನೋ ಕಳೆದುಹೋಗಿರುತ್ತದೆ, ಹುಡುಕುತ್ತಿರುತ್ತಾರೆ.

೧ ಏಪ್ರಿಲ್

ಇವತ್ತು ಭಾನುವಾರವಾದ್ದರಿಂದ ಇವರೂ ಮನೆಯಲ್ಲಿದ್ದರು. ಪಕ್ಕದ ಮನೆಯ ರಂಗಣ್ಣ ಮರ ಹತ್ತಿದ. ನೆಲಕ್ಕೆ ಬಿದ್ದ ಕಾಯಿಗೆ ಒಳಗೇ ಪೆಟ್ಟಾಗಿರುತ್ತದೆ, ಅದು ಜಾಡಿಗೆ ಹೋದರೆ ಪಕ್ಕದ ಹೋಳನ್ನೂ ಕೊಳೆಸುತ್ತದೆ. ಅದಕ್ಕೇ ನಾವಿಬ್ಬರೂ ಕೆಳಗೆ ಜಮಖಾನ ಹಿಡಿದು ನಿಂತೆವು. ತುಮಕೂರು ಪಕ್ಕದ ಸತ್ಯಮಂಗಲದ ಫ್ಯಾಕ್ಟರಿಯಲ್ಲಿ ಇವರು ಸೂಪರ್‌ವೈಸರ್, ಮನೆಯಲ್ಲಿ ಒಂದು ಮಾವಿನಕಾಯಿ ಹಿಡಿಯಲು ಬರುವುದಿಲ್ಲ.

"ಈ ಕಡೆ ಬನ್ರೀ! ಆ ಕಡೆ ಅಲ್ಲ!"

"ಯಾವ್ದಾದ್ರೂ ಒಂದು ಕಡೆ ಹೇಳೇ ಮಾರಾಯ್ತಿ!"

ಅಷ್ಟರಲ್ಲಿ ಒಂದು ದಪ್ಪ ಕಾಯಿ ನೆಟ್ಟಗೆ ಇವರ ಬೋಳುತಲೆಯ ಮೇಲೆ ಬಿದ್ದು ಜಮಖಾನಕ್ಕೆ ಪುಟಿಯಿತು. ಇವರು ತಲೆ ಹಿಡಿದುಕೊಂಡು ಕೂತುಬಿಟ್ಟರು. ಜಗಲಿಯ ಮೇಲಿಂದ ಅತ್ತೆ ಕೂಗಿದರು, "ನೆಲಕ್ಕೆ ಬಿದ್ದಿಲ್ಲ ತಾನೇ? ಹಂಗಾರೆ ಜಾಡಿಗೆ ಆಯ್ತದೆ, ಎತ್ತಿಕ್ಕು." ರಂಗಣ್ಣ ನಕ್ಕು ನಕ್ಕು ಕೊಂಬೆಯಿಂದ ಜಾರುವುದರಲ್ಲಿದ್ದ. ನಾನೂ ನಕ್ಕೆ. ಎಷ್ಟೋ ದಿನವಾಗಿತ್ತು ಹಾಗೆ ನಕ್ಕು.

ಮಧ್ಯಾಹ್ನ ರಂಗಣ್ಣನ ಮನೆಗೆ ಫೋನು ಬಂತು. ಕರಿಬಸಮ್ಮನ ಮೊಮ್ಮಗಳಿಗೆ ಮೈಮೇಲೆ ಅಮ್ಮ ಎದ್ದಿದೆಯಂತೆ, ಇಳಿದು ನೀರು ಹಾಕುವವರೆಗೆ ಆ ಮನೆಯವರು ಯಾರೂ ಹೊರಡುವ ಹಾಗಿಲ್ಲ. ಇಲ್ಲಿ ಕಾಯಿ ಕಿತ್ತು ಆಗಿದೆ, ನಡುಮನೆ ತುಂಬ ಹರಡಿದೆ. ಎರಡು ದಿನ ಬಿಟ್ಟರೆ ಮೆತ್ತಗಾಗುತ್ತವೆ.

ಅತ್ತೆ ಒಂದು ಗಳಿಗೆ ಕಾಯಿ ನೋಡಿದರು, ಒಂದು ಗಳಿಗೆ ತಮ್ಮ ಪ್ಲಾಸ್ಟರ್ ಕೈ ನೋಡಿದರು, ಆಮೇಲೆ ನನ್ನನ್ನು.

"ನೋಡವ್ವ. ಜಾಡಿ ಇಡೋಳು ನಾನೇ. ನಿನ್ ಕೈನ ನಂಗೆ ಸಾಲ ಕೊಡ್ತಿದೀಯ, ಅಷ್ಟೆ. ನನ್ ಕೈ ಕೂಡ್ಕೊಂಡ ಮೇಲೆ ವಾಪಸ್ಸು."

ಸಾಲವಂತೆ! ಇರಲಿ. ಜಾಡಿಗೆ ಗೊತ್ತಾಗುತ್ತದೆ ಯಾರ ಕೈ ಎಂದು.

೨ ಏಪ್ರಿಲ್

ಇಟ್ಟೆ! ನಾನೇ ಇಟ್ಟೆ!

ಬೆಳಿಗ್ಗೆಯೇ ಸ್ನಾನ ಮಾಡಿ, ಬಿಸಿಲಲ್ಲಿ ಕಾಯಿಸಿದ ಜಾಡಿಯನ್ನು ಒಳಗೆ ತಂದೆ. ಅತ್ತೆಯ ಅತ್ತೆಯ ಕಾಲದ ಪಿಂಗಾಣಿ ಜಾಡಿ, ಭುಜದವರೆಗೆ ಕಂದು, ಕೆಳಗೆ ಬಿಳಿ. ತಬ್ಬಿದರೆ ಎರಡು ಕೈಗೂ ತುಂಬುವಷ್ಟು ದಪ್ಪ. ಇವರು ಫ್ಯಾಕ್ಟರಿಗೆ ಹೊರಡುವ ಮುಂಚೆ ಮಚ್ಚಿನಲ್ಲಿ ಓಟೆ ಸಮೇತ ಕಾಯಿ ಸೀಳಿಕೊಟ್ಟು ರೈಲಿಗೆ ಓಡಿದರು. ಹೋಳು ಒಂದು ಸಲ, ಕಲ್ಲುಪ್ಪು ಒಂದು ಸಲ, ಮೇಲೆ ಅರಿಸಿನ, ಮತ್ತೆ ಹೋಳು. ಅತ್ತೆ ಮಣೆ ಹಾಕಿಕೊಂಡು ಎದುರಿಗೇ ಕೂತಿದ್ದರು.

"ಉಪ್ಪು ಹಾಕು. ಇನ್ನೂ ಹಾಕು. ಯಾಕೆ ಹಂಗೆ ಚಿಟಿಕೆ ಹಾಕ್ತೀಯ, ಮಗೀಗೆ ಔಷ್ದಿ ಹಾಕ್ದಂಗೆ? ಹಿಡೀಲಿ ಹಾಕು!"

ಕೈ ಮೊಣಕೈವರೆಗೂ ಒಳಗೆ ಇಳಿಯಿತು. ಒಳಗೆ ತಣ್ಣಗೆ, ಹುಳಿ ಘಮ. ಎಷ್ಟು ಸಂತೋಷವಾಯಿತೆಂದರೆ ಬರೆಯಲು ನಾಚಿಕೆಯಾಗುತ್ತದೆ, ಉಪ್ಪಿನಕಾಯಿಗೆ ಯಾರಾದರೂ ಇಷ್ಟು ಕುಣಿಯುತ್ತಾರೆಯೇ? ಬ್ಲೌಸಿನ ಲೈನಿಂಗಿಗೆ ತಂದ ಹೊಸ ಮಲ್ ಬಟ್ಟೆಯಲ್ಲಿ ಒಂದು ತುಂಡು ಕತ್ತರಿಸಿ, ಅಂಚು ಮಡಿಸಿ ಹೊಲಿದು, ಜಾಡಿಯ ಬಾಯಿಗೆ ಕಟ್ಟಿದೆ. ಅತ್ತೆ ಗಂಟನ್ನು ಎಳೆದು ನೋಡಿ, "ಹ್ಞೂಂ" ಎಂದರು. ಅವರ ಬಾಯಲ್ಲಿ ಅಷ್ಟು ಬಂದರೆ ಮೆರವಣಿಗೆ ಮಾಡಿಸಿದ ಹಾಗೆ.

"ಹೊರಗಾದ್ ದಿನ ಮಾತ್ರ ಹೇಳ್ಬುಡು, ಮುಚ್ಚಿಡಬ್ಯಾಡ. ಅವತ್ತು ನಾನೇ ಎಡಗೈಲಿ ತಿರುವ್ತೀನಿ."

"ಆಯ್ತು ಅತ್ತೆ."

೧೦ ಏಪ್ರಿಲ್

ಈ ವರ್ಷದ ಬಿಸಿಲು ಬಿಸಿಲಲ್ಲ, ಬೆಂಕಿ. ಮಿಷನ್ ಮುಂದೆ ಕೂತರೆ ಸಾಕು, ಎದೆಯಿಂದ ಕುತ್ತಿಗೆಗೆ ಭಗ್ಗೆಂದು ಉರಿ ಏರುತ್ತದೆ, ಬೆವರು ಇಳಿದು ಬ್ಲೌಸು ಪೂರಾ ತೊಯ್ದುಹೋಗುತ್ತದೆ. ಐದು ನಿಮಿಷಕ್ಕೆ ಮತ್ತೆ ಚಳಿ. ಇವರನ್ನು ಕೇಳಿದರೆ "ಅಂಥಾ ಸೆಕೆ ಏನಿಲ್ವಲ್ಲೇ" ಎನ್ನುತ್ತಾರೆ. ಎಮ್ಮೆಯ ಚರ್ಮ ಇವರದು.

ನಿದ್ದೆಯೂ ಸರಿಯಿಲ್ಲ. ಇವತ್ತು ಮದುವೆ ಬ್ಲೌಸಿಗೆ ಬಂದ ಹುಡುಗಿ, ತೋಳು ಒಂದು ನೂಲು ಬಿಗಿಯಾಯಿತು ಎಂದದ್ದಕ್ಕೆ ನಾನು ಬಾಯಿಗೆ ಬಂದ ಹಾಗೆ ಬೈದುಬಿಟ್ಟೆ. ಆ ಹುಡುಗಿ ಅಳುತ್ತಾ ಹೋಯಿತು. ಯಾಕೆ ಹಾಗೆ ಮಾಡಿದೆನೋ ನನಗೇ ಗೊತ್ತಿಲ್ಲ. ಆಮೇಲೆ ನಾನೂ ಕೂತು ಅತ್ತುಬಿಟ್ಟೆ.

ನೆಮ್ಮದಿ ಅಂದರೆ ಬೆಳಿಗ್ಗೆ ಜಾಡಿಯ ಮುಂದೆ ಕೂರುವುದೊಂದೇ. ಹೋಳು ನೀರು ಬಿಟ್ಟಿವೆ, ಮರದ ಸೌಟು ತಳಕ್ಕೆ ಹಾಕಿ ಮೇಲೆ ತಂದರೆ ಅರಿಸಿನದ ಬಣ್ಣದ ಉಪ್ಪುನೀರು ಉಕ್ಕುತ್ತದೆ. ಅತ್ತೆ ಪಕ್ಕದಲ್ಲಿ ಕೂತಿರುತ್ತಾರೆ. ಇವತ್ತು ನನ್ನ ಹಣೆಯ ಬೆವರು ನೋಡಿ ಏನೋ ಕೇಳಲು ಬಾಯಿ ತೆರೆದರು, ಕೇಳಲಿಲ್ಲ. ಬೀಸಣಿಗೆ ತಗೊಂಡು ಎಡಗೈಯಲ್ಲಿ ಗಾಳಿ ಹಾಕಿದರು. ಜಾಡಿಗೆ ಬೆವರು ಬೀಳಬಾರದೆಂದು ಇರಬೇಕು.

೧೯ ಏಪ್ರಿಲ್

ಜಾಡಿಯನ್ನು ಒಂದು ದಿನವೂ ಅತ್ತೆಗೆ ಬಿಟ್ಟುಕೊಟ್ಟಿಲ್ಲ. ಬಿಟ್ಟುಕೊಡುವ ದಿನ ಬರಲೇ ಇಲ್ಲ.

ನೀಲಿ ಬ್ಲೌಸು ಹಾಕಿಕೊಳ್ಳಲು ಹೋದರೆ ಹುಕ್ ಕೂಡಲಿಲ್ಲ. ಯುಗಾದಿಗೆ ಸರಿಯಾಗಿತ್ತು. ಎರಡೂ ಪಕ್ಕದ ಹೊಲಿಗೆ ಬಿಚ್ಚಿ ಅರ್ಧ ಇಂಚು ಬಿಟ್ಟೆ.

ಬರೆಯುವುದಿಲ್ಲ. ಬರೆದರೆ ಹೋಗಿಬಿಡುತ್ತದೆ.

೨೪ ಏಪ್ರಿಲ್

ಮೊಮ್ಮಗಳಿಗೆ ವಾಸಿಯಾಗಿ, ನೀರು ಹಾಕಿ, ಕರಿಬಸಮ್ಮ ಹಾಗಲವಾಡಿಯಿಂದ ಬಂದಿಳಿದರು. ಬಾಗಿಲಲ್ಲೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನೇ ಮಾಲಕ್ಷ್ಮಿ, ಮೈಕೈ ತುಂಬ್ಕೊಂಡು ಮುಖ ಕೆಂಪಗಾಗದೆ? ಏನ್ ಸಮಾಚಾರ?" ಎಂದು ಕಣ್ಣು ಮಿಟುಕಿಸಿದರು.

ಬೇರೆಯವರ ಕಣ್ಣಿಗೂ ಕಾಣುತ್ತಿದೆಯೇ?

ಒಳಗಿಂದ ಅತ್ತೆ ಗದರಿದರು, "ಬಂದೋಳು ಬಾಯ್ಮುಚ್ಕೊಂಡು ಕಾಫಿ ಕುಡೀಬಾರ್ದಾ? ಊರ ಉಸಾಬರಿ ನಿಂಗೆ." ಕರ್ಚೀಫಿನಲ್ಲಿ ಒರೆಸಿದ ಹಾಗೆ ಕರಿಬಸಮ್ಮನ ನಗು ಹೋಯಿತು. ನನಗೆ ಮಾತ್ರ ಅತ್ತೆಯ ಮೇಲೆ ಮೊದಲ ಸಲ ಒಂಥರಾ ಪ್ರೀತಿ ಬಂತು. ದೃಷ್ಟಿಯಾಗಬಾರದು ಎಂದು ತಾನೇ ಗದರಿದ್ದು? ಅಂದರೆ ಅವರಿಗೂ ಅನುಮಾನ ಬಂದಿದೆ. ಸಾಯಂಕಾಲ ಕರಿಬಸಮ್ಮ ಹೋದ ಮೇಲೆ ಮೆಣಸಿನಕಾಯಿ ಉಪ್ಪು ನಿವಾಳಿಸಿ ಒಲೆಗೆ ಹಾಕಿದರು. ಹಾಕುವಾಗ ಅವರ ಕಣ್ಣಲ್ಲಿ ನೀರಿತ್ತು, ಘಾಟಿಗೆ ಇರಬೇಕು.

೨೯ ಏಪ್ರಿಲ್

ಇನ್ನು ತಡೆಯಲಾಗುವುದಿಲ್ಲ, ಬರೆಯುತ್ತೇನೆ. ನನಗೆ ಮಗುವಾಗುತ್ತದೆ ಅನ್ನಿಸುತ್ತಿದೆ.

ಮದುವೆಯಾದ ನಾಲ್ಕನೇ ವರ್ಷ ಒಂದು ಬಸಿರು ನಿಂತಿತ್ತು. ಮೂರು ತಿಂಗಳಿಗೆ ಹೋಯಿತು. ಆಮೇಲೆ ಬರಲೇ ಇಲ್ಲ. ತುಮಕೂರಿನ ಡಾಕ್ಟರುಗಳು, ಕುಣಿಗಲ್ಲಿನ ನಾಟಿ ಔಷಧಿ, ಹರಕೆ, ಉಪವಾಸ ಎಲ್ಲ ಮಾಡಿ ಕೈಬಿಟ್ಟು ಎಷ್ಟೋ ವರ್ಷವಾಯಿತು. ಕೈಬಿಟ್ಟಿದ್ದೇನೆ ಎಂದುಕೊಂಡಿದ್ದೆ. ಎಲ್ಲಿ ಬಿಟ್ಟಿದ್ದೆ? ಬೂದಿಯ ಕೆಳಗಿನ ಕೆಂಡದ ಹಾಗೆ ಇತ್ತು, ಊದಿದ ಕೂಡಲೇ ಎದ್ದಿತು.

ಇವತ್ತು ಮಧ್ಯಾಹ್ನ ಇವರಿಗೆ ಹೇಳಿದೆ. ಸ್ನಾನ ಮಾಡಿ ಟವೆಲಿನಲ್ಲಿ ತಲೆ ಒರೆಸುತ್ತಿದ್ದರು. ಟವೆಲು ತಲೆಯ ಮೇಲೇ ಉಳಿಯಿತು.

"ನಿಜಾನಾ?"

"ಗೊತ್ತಿಲ್ಲ ಕಣ್ರೀ. ಅನ್ಸುತ್ತೆ."

ಹಿತ್ತಲಿಗೆ ಹೋಗಿ ಬಾವಿಹಗ್ಗ ಸುಮ್ಮನೆ ಸುತ್ತಿ ಇಟ್ಟರು, ಬಿಚ್ಚಿ ಮತ್ತೆ ಸುತ್ತಿದರು. ಸಂಜೆ ಪೇಟೆಗೆ ಹೋಗಿ ಒಂದು ಚೀಲ ಸಪೋಟ ತಂದರು. ನಾನು ಬಿಂದಿಗೆ ಎತ್ತಲು ಹೋದರೆ ಹಾರಿ ಬಂದು ಕಿತ್ತುಕೊಂಡರು. ಹತ್ತೊಂಬತ್ತು ವರ್ಷದಲ್ಲಿ ಒಂದು ಲೋಟ ನೀರು ಬಗ್ಗಿಸಿಕೊಳ್ಳದ ಮನುಷ್ಯ! ಬಿಂದಿಗೆ ಎತ್ತುವುದು ಕೂಡ ಬರುವುದಿಲ್ಲ, ಅರ್ಧ ನೀರು ಪ್ಯಾಂಟಿನ ಮೇಲೆ.

ಅತ್ತೆ ಜಗಲಿಯಿಂದ ಇದನ್ನೆಲ್ಲ ನೋಡುತ್ತಿದ್ದರು. ನಗಲಿಲ್ಲ.

೫ ಮೇ

ಬೆಳಿಗ್ಗೆ ಜಾಡಿ ತಿರುವುತ್ತಿದ್ದಾಗ ಅತ್ತೆ ಕೇಳಿದರು, "ಮೈ ಭಗ್ಗನ್ನೋದು ದಿನಾ ಆಯ್ತದಾ?"

"ಆಗುತ್ತೆ. ಸೆಕೆ ಅಲ್ವಾ."

"ನಿದ್ದೆ?"

"ಇಲ್ಲ."

ಜಾಡಿಯ ಅಂಚಿಗೆ ಅಂಟಿದ್ದ ಉಪ್ಪು ಒರೆಸಿದರು. ಆಮೇಲೆ, "ಸೋಮವಾರ ನಾಗೂನ ಕರ್ಕೊಂಡು ತುಮ್ಕೂರಿಗೆ ಹೋಗ್ಬಾ. ಲೇಡಿ ಡಾಕ್ಟ್ರಿಗೆ ತೋರ್ಸು. ಇನ್ ತಡ ಮಾಡ್ಬ್ಯಾಡ."

"ಇನ್ನೂ ಸ್ವಲ್ಪ ದಿನ ಹೋಗ್ಲಿ ಅತ್ತೆ."

"ಬ್ಯಾಡ ಕಣವ್ವ. ಹೋಗ್ಬಾ," ಎಂದು ನನ್ನ ಬೆನ್ನ ಮೇಲೆ ಎಡಗೈ ಇಟ್ಟರು. ಸುಮ್ಮನೆ ಇಟ್ಟುಕೊಂಡೇ ಇದ್ದರು. ಅವರ ಕೈ ಅಷ್ಟು ಹಗುರ ಎಂದು ನನಗೆ ಗೊತ್ತಿರಲಿಲ್ಲ.

೭ ಮೇ

ಇಲ್ಲವಂತೆ.

೮ ಮೇ

ರಕ್ತ ನೋಡಿದರು, ಸ್ಕ್ಯಾನಿಂಗ್ ಮಾಡಿದರು. ಡಾಕ್ಟರಮ್ಮ ಒಳ್ಳೆಯವರೇ, ಕನ್ನಡಕ ತೆಗೆದಿಟ್ಟು ನನ್ನ ಮುಖ ನೋಡಿಯೇ ಹೇಳಿದರು. "ಇದು ಬಸಿರಲ್ಲಮ್ಮ. ಮುಟ್ಟು ನಿಲ್ಲೋ ಕಾಲ. ನಿಮಗೆ ಸ್ವಲ್ಪ ಬೇಗ ಬಂದಿದೆ, ಕೆಲವರಿಗೆ ಹಾಗೇನೆ." ಮೈ ಉರಿಯುತ್ತಾ, ಬೆವರುತ್ತಾ, ನಿದ್ದೆ ಬರಲ್ವಾ, ಸಿಟ್ಟು ಬರುತ್ತಾ, ಮೈ ದಪ್ಪ ಆಗಿದೆಯಾ ಎಂದು ಒಂದೊಂದಾಗಿ ಕೇಳಿದರು. ಈ ಡೈರಿಯನ್ನು ಕದ್ದು ಓದಿದ್ದಾರೇನೋ ಅನ್ನಿಸಿತು. ಎಲ್ಲದಕ್ಕೂ ತಲೆ ಆಡಿಸಿದೆ.

ಎಂಥ ಪೆದ್ದಿ ನಾನು. ಊರವರ ಬ್ಲೌಸಿನ ಅಳತೆ ಕಣ್ಣಲ್ಲೇ ಹೇಳುತ್ತೇನೆ, ನನ್ನ ಮೈ ಏನು ಹೇಳುತ್ತಿದೆ ಎಂದು ತಿಳಿಯಲಿಲ್ಲ.

ವಾಪಸ್ಸು ಬರುವಾಗ ಪ್ಯಾಸೆಂಜರ್ ರೈಲಿನಲ್ಲಿ ಕಿಟಕಿ ಪಕ್ಕ ಕೂತೆ. ಇವರು ಹುರಿದ ಕಡ್ಲೆಕಾಯಿ ಕೊಂಡು, ಒಂದೊಂದೇ ಸುಲಿದು ನನ್ನ ಅಂಗೈಗೆ ಹಾಕುತ್ತಿದ್ದರು. ನಾನು ತಿನ್ನಲಿಲ್ಲ. ಇವರು ಸುಲಿಯುವುದು ನಿಲ್ಲಿಸಲಿಲ್ಲ. ಗುಬ್ಬಿಯಲ್ಲಿ ಇಳಿಯುವಾಗ ನನ್ನ ಬೊಗಸೆ ತುಂಬಿತ್ತು.

"ನಂಗೇನೂ ಬೇಕಿರ್ಲಿಲ್ಲ ಕಣೇ," ಎಂದರು ಪ್ಲಾಟ್‌ಫಾರಂ ಮೇಲೆ. "ನಿಂಗೆ ಬೇಕಿತ್ತಲ್ಲ, ಅದಕ್ಕೆ."

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು. ನನ್ನ ಮುಖ ನೋಡಿ ಒಳಗೆ ಹೋಗಿ ತಟ್ಟೆ ಹಾಕಿದರು. ಎಡಗೈಯಲ್ಲೇ ಅನ್ನ ಸಾರು ಮಾಡಿಟ್ಟಿದ್ದರು.

೯ ಮೇ

ಏಳಲಿಲ್ಲ. ಜಾಡಿ ಬೂಷ್ಟು ಹಿಡಿದರೆ ಹಿಡಿಯಲಿ.

ಈಗ ಕೊಡುತ್ತಾರಲ್ಲ ಜಾಡಿಯನ್ನು. ಈಗ ನಾನು ಯೋಗ್ಯಳಾದೆ. ನನಗೆ ಬೇಡ ಅದು.

೧೧ ಮೇ

ಇವತ್ತು ಬೆಳಿಗ್ಗೆ ಉಗ್ರಾಣದಿಂದ ಮರದ ಸೌಟು ಬಿದ್ದ ಸದ್ದು ಕೇಳಿ ಎದ್ದು ಹೋದೆ.

ಅತ್ತೆ ನೆಲದ ಮೇಲೆ ಕಾಲು ಚಾಚಿ ಕೂತು, ಜಾಡಿಯನ್ನು ಎರಡು ಕಾಲ ನಡುವೆ ಸಿಕ್ಕಿಸಿಕೊಂಡಿದ್ದರು. ಪ್ಲಾಸ್ಟರ್ ಹಾಕಿದ ಕೈಯಿಂದ ಅದರ ಕತ್ತು ತಬ್ಬಿ, ಎಡಗೈಯಲ್ಲಿ ಸೌಟು ತಳಕ್ಕೆ ಇಳಿಸಲು ಒದ್ದಾಡುತ್ತಿದ್ದರು. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಒಂಟಿಕೈಯಲ್ಲೇ ಸ್ನಾನವನ್ನೂ ಮಾಡಿಕೊಂಡಿದ್ದರು. ಸೀರೆ ಹೇಗೋ ಸುತ್ತಿಕೊಂಡಿದ್ದರು. ನೆಲದ ತುಂಬ ಉಪ್ಪುನೀರು. ನಾನು ಮಲಗಿದ್ದ ದಿನಗಳಲ್ಲೆಲ್ಲ ಇದೇ ನಡೆದಿದೆ, ನನಗೆ ಗೊತ್ತೇ ಆಗಿಲ್ಲ.

"ಬಿಡಿ ಅತ್ತೆ, ಇನ್ನೊಂದು ಕೈನೂ ಮುರ್ಕೋತೀರಾ."

"ಮುರೀಲಿ ಬುಡು. ನಿನ್ ಜಾಡಿ ಕೆಡಬಾರ್ದು."

"ನನ್ನದಲ್ಲ, ನಿಮ್ಮದು. ನಂದು ಬರೀ ಸಾಲದ ಕೈ."

ಮಾತು ಚುಚ್ಚಬೇಕೆಂದೇ ಅಂದದ್ದು. ಅವರು ಸೌಟು ಬಿಟ್ಟು, "ಕೂತ್ಕೊ," ಎಂದರು. ಯಾಕೋ ಕೂತೆ.

"ನಂಗೆ ನಿಂತಾಗ ನಾಗೂ ಕಾಲೇಜಿಗೆ ಹೋಗ್ತಿದ್ದ. ಮೂರು ಹೆತ್ತಿದ್ದೆ, ಒಂದನ್ನ ಮಣ್ಣು ಮಾಡಿದ್ದೆ. ಇನ್ನೇನೂ ಬೇಕಿರ್ಲಿಲ್ಲ ನಂಗೆ. ಆದ್ರೂ ಹಾಸ್ಗೆ ಬುಟ್ಟು ಏಳಕ್ಕೆ ಮನಸೇ ಬರ್ಲಿಲ್ಲ. ನಮ್ಮತ್ತೆ ಬಂದು ಎಬ್ಸಿ, ತಲೆಗೆ ನೀರು ಹುಯ್ದು, ಈ ಜಾಡಿ ತಂದು ಮುಂದೆ ಇಕ್ಕುದ್ಲು. 'ಇವತ್ತಿಂದ ಇದು ನಿಂದು, ದಿನಾ ಎದ್ದು ತಿರುವ್ಬೇಕು' ಅಂದ್ಲು. ಎದ್ದೇಳಕ್ಕೆ ಏನಾರಾ ಒಂದು ಬೇಕಲ್ಲವ್ವ. ಅಷ್ಟೇ ಕಣೇ ಶಾಸ್ತ್ರ. ಬೂಷ್ಟೂ ಇಲ್ಲ ಗೀಷ್ಟೂ ಇಲ್ಲ."

"ಹಾಗಿದ್ರೆ ನಂಗ್ಯಾಕೆ ಕೊಡ್ಲಿಲ್ಲ ಇಷ್ಟು ವರ್ಷ? ಹೆರದೋಳ ಕೈ ಅಂತ ತಾನೇ?"

ಹತ್ತೊಂಬತ್ತು ವರ್ಷ ಗಂಟಲಲ್ಲಿದ್ದ ಮಾತು ಹೊರಗೆ ಬಂದುಬಿಟ್ಟಿತು. ಅವರು ಕಪಾಳಕ್ಕೆ ಹೊಡೆಸಿಕೊಂಡವರ ಹಾಗೆ ನನ್ನನ್ನು ನೋಡಿದರು.

"ಹಂಗ್ ಅಂದ್ಕೊಂಡಿದ್ಯಾ ನೀನು? ಇಷ್ಟು ವರ್ಷ ಹಂಗೇ ಅಂದ್ಕೊಂಡು ನಂಗೆ ಅನ್ನ ಇಕ್ಕುದ್ಯಾ?"

ನಾನು ಸೆರಗಿನ ತುದಿಯಿಂದ ನೆಲದ ಉಪ್ಪುನೀರು ಒರೆಸತೊಡಗಿದೆ.

"ಹೋದ ವರ್ಷ ಕರಿಬಸಮ್ಮ ಅಂದ್ಲು, 'ಜಾಡಿಯಾ ಅವಳಿಗೇ ಕೊಟ್ಬುಡು ಓಬಳಕ್ಕ, ಇನ್ನೇನು ಹೆರ್ತಾಳಾ ಅವ್ಳು' ಅಂತ. ಎರಡು ತಿಂಗ್ಳು ಅವಳ ಜೊತೆ ಮಾತು ಬುಟ್ಟಿದ್ದೆ ನಾನು. ನಿಂಗೆ ಜಾಡಿ ಕೊಟ್ರೆ ಏನರ್ಥ ಹೇಳು? ನಿನ್ ಕತೆ ಮುಗೀತು ಅಂತ ನನ್ ಬಾಯಲ್ಲೇ ಹೇಳ್ದಂಗೆ. ಹೆಂಗ್ ಕೊಡ್ಲಿ? ನೀನು ಆಸೆ ಬುಟ್ಟಿದ್ದೆ, ನಾಗೂ ಬುಟ್ಟಿದ್ದ, ನಾನು ಬುಟ್ಟಿರ್ಲಿಲ್ಲ ಕಣವ್ವ. ವರ್ಷಾ ವರ್ಷಾ ಜಾಡಿ ಇಡೋವಾಗ್ಲೂ, ಮುಂದಿನ ವರ್ಷ ಇಷ್ಟೊತ್ತಿಗೆ ಇವ್ಳು ಬಾಣಂತಿ, ಆವಾಗ್ಲೂ ನಾನೇ ಇಡ್ಬೇಕಾಯ್ತದೆ ಅಂತ ಅಂದ್ಕೊಂಡೇ ಇಡ್ತಿದ್ದೆ. ಮೊನ್ನೆ ನಿನ್ ಬೆವರು ನೋಡ್ದಾಗ್ಲೇ ಗೊತ್ತಾಯ್ತು ನಂಗೆ. ಹೇಳಕ್ಕೆ ಬಾಯಿ ಬರ್ಲಿಲ್ಲ. ನಾನು ಅಂದ್ಕೊಂಡಿದ್ದು ಸುಳ್ಳಾಗ್ಲಿ ಅಂತ ದೇವ್ರಿಗೆ ಹರಕೆ ಕಟ್ಕೊಂಡು ಕಳಿಸ್ದೆ."

ನಾನೇ ಕೈಬಿಟ್ಟ ಆಸೆಯನ್ನು ಈ ಹೆಂಗಸು ವರ್ಷ ವರ್ಷವೂ ಉಪ್ಪು ಹಾಕಿ ಕಾದಿಟ್ಟಿದ್ದರು. ನಾನು ಅದನ್ನೇ ಹಗೆ ಎಂದುಕೊಂಡು ಬದುಕಿದೆ.

ಬಚ್ಚಲಿಗೆ ಹೋಗಿ ಸ್ನಾನ ಮಾಡಿ, ಕೈ ಒಣಗಿಸಿಕೊಂಡು ಬಂದು, ಅವರ ಕಾಲ ನಡುವಿನಿಂದ ಜಾಡಿಯನ್ನು ನನ್ನ ಕಡೆಗೆ ಎಳೆದುಕೊಂಡೆ. ಮೇಲಿನ ಹೋಳುಗಳಿಗೆ ತೆಳ್ಳಗೆ ಬಿಳಿ ಕಟ್ಟಿತ್ತು. ಅವನ್ನು ತೆಗೆದು ಬಿಸಾಡಿದೆ. ಕೆಳಗಿನವು ಚೆನ್ನಾಗಿದ್ದವು, ಅಮ್ಮ ಒಂಟಿಕೈಯಲ್ಲಿ ಉಳಿಸಿದ್ದರು. ಸೌಟಿಗೆ ಸಿಗದ ಮೂಲೆಗೆ ಎರಡೂ ಕೈ ಇಳಿಸಿ ತಳದಿಂದ ಹೋಳು ಮೇಲಕ್ಕೆ ತಂದೆ. ಅಷ್ಟರಲ್ಲಿ ಅಳು ಒತ್ತರಿಸಿಕೊಂಡು ಬಂತು. ಕಣ್ಣು ಒರೆಸಿಕೊಳ್ಳೋಣವೆಂದರೆ ಮೊಣಕೈವರೆಗೂ ಉಪ್ಪು.

"ಮುಖ ಈ ಕಡೆ ತಿರುಗ್ಸೇ, ಜಾಡಿಗೆ ನೀರು ಬಿದ್ದಾತು," ಎಂದು ಅಮ್ಮ ಗದರಿದರು. ತಿರುಗಿದೆ. ತಮ್ಮ ಸೆರಗನ್ನು ಎಡಗೈಯಲ್ಲಿ ಎಳೆದು ನನ್ನ ಕಣ್ಣು, ಮೂಗು, ಕೆನ್ನೆ ಎಲ್ಲ ಒರೆಸಿದರು. ಅವರ ಕಣ್ಣಲ್ಲೂ ನೀರು ಇಳಿಯುತ್ತಲೇ ಇತ್ತು, ಅದನ್ನು ಅವರು ಒರೆಸಿಕೊಳ್ಳಲಿಲ್ಲ.